ಅನ್ನಾ ಪಾವ್ಲೋವಾ: ಪದೇ ಪದೇ ಕೇಳುವ ಪ್ರಶ್ನೆಗಳು

ಭರತನಾಟ್ಯ ಕಲಿಯುವವರು ರುಕ್ಮಿಣೀದೇವಿಯವರ ಕಥೆಯಲ್ಲಿ ಈ ಹೆಸರನ್ನು ಕೇಳಿರುತ್ತಾರೆ. ಬೇಕರಿಗೆ ಹೋಗುವವರು ಮೊಟ್ಟೆಯ ಬಿಳಿಯಿಂದ ಮಾಡಿದ ಒಂದು ಸಿಹಿಯ ಹೆಸರಾಗಿ ಕೇಳಿರುತ್ತಾರೆ. ಇವೆರಡರ ನಡುವೆ ಬದುಕಿದ್ದ ಹೆಣ್ಣುಮಗಳ ಬಗ್ಗೆ ನೃತ್ಯದ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಪ್ರಶ್ನೆಗಳಿಗೂ ಒಂದೇ ಉದ್ದದ ಉತ್ತರ ಬೇಕಿಲ್ಲ, ಕೊಟ್ಟೂ ಇಲ್ಲ.

ಅನ್ನಾ ಪಾವ್ಲೋವಾ ಯಾರು?

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1881ರ ಫೆಬ್ರವರಿ 12ರಂದು ಹುಟ್ಟಿ, 1931ರ ಜನವರಿ 23ರಂದು ಹಾಲೆಂಡಿನ ಹೇಗ್ ನಗರದಲ್ಲಿ ತೀರಿಕೊಂಡ ಬ್ಯಾಲೆ ಕಲಾವಿದೆ. ಚಕ್ರವರ್ತಿಯ ಆಶ್ರಯದಲ್ಲಿದ್ದ ಮರಿಯಿನ್ಸ್ಕಿ ರಂಗಮಂದಿರದ ಪ್ರಧಾನ ನರ್ತಕಿಯಾಗಿದ್ದವರು. ಆ ಸ್ಥಾನದಲ್ಲಿ ಕೂತು ಮುಪ್ಪಿನವರೆಗೂ ಪಿಂಚಣಿ ತಿನ್ನಬಹುದಿತ್ತು. ಅದನ್ನು ಬಿಟ್ಟು ಸ್ವಂತ ತಂಡ ಕಟ್ಟಿಕೊಂಡು, ಬ್ಯಾಲೆ ಎಂಬ ಪದವನ್ನೇ ಕೇಳಿರದ ಊರುಗಳಿಗೆ ಹಡಗು, ರೈಲು ಹತ್ತಿ ಹೋದರು. ಇಪ್ಪತ್ತು ವರ್ಷ ಬಿಡುವಿಲ್ಲದ ತಿರುಗಾಟ. ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ಇಲ್ಲಿ.

ಅವರು ಶ್ರೀಮಂತ ಮನೆತನದವರೇ?

ಅಲ್ಲ. ತಾಯಿ ಲ್ಯುಬೊವ್ ಫ್ಯೊದೊರೊವ್ನಾ ಬಟ್ಟೆ ಒಗೆದು ಬದುಕುತ್ತಿದ್ದ ಹೆಂಗಸು. ಮತ್ವೆಯ್ ಪಾವ್ಲೊವ್ ಎಂಬ ಸೈನಿಕನ ಹೆಸರು ಮಗುವಿಗೆ ಬಂತು. ಜನ್ಮದಾತ ಬೇರೆಯವರು, ಬಹುಶಃ ಒಬ್ಬ ಶ್ರೀಮಂತ ಬ್ಯಾಂಕರ್ ಎಂಬ ಮಾತು ಆ ಕಾಲದಿಂದಲೂ ಇದೆ, ಸಾಬೀತಾಗಿಲ್ಲ. ದೊಡ್ಡವರಾದ ಮೇಲೆ ಅನ್ನಾ ತಮ್ಮನ್ನು ಮತ್ವೆಯೆವ್ನಾ, ಅಂದರೆ ಮತ್ವೆಯ್‌ನ ಮಗಳು, ಎಂದು ಕರೆಸಿಕೊಳ್ಳದೆ ಪಾವ್ಲೊವ್ನಾ ಎಂದು ಕರೆಸಿಕೊಂಡರು. ತಂದೆಯ ಹೆಸರು ಹೇಳಿಯೇ ಒಬ್ಬರನ್ನು ಗೌರವದಿಂದ ಮಾತನಾಡಿಸುವ ರಷ್ಯಾದಲ್ಲಿ ಇದು ಸಣ್ಣ ಸಂಗತಿಯಲ್ಲ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು, ಬಡಕಲು. ಚೇತರಿಸಿಕೊಳ್ಳಲಿ ಎಂದು ಊರಾಚೆಯ ಲಿಗೊವೊ ಎಂಬ ಹಳ್ಳಿಯಲ್ಲಿ ಅಜ್ಜಿಯ ಬಳಿ ಬಿಟ್ಟಿದ್ದರು.

ಬ್ಯಾಲೆ ಕಲಿಯಬೇಕೆಂಬ ಆಸೆ ಹೇಗೆ ಹುಟ್ಟಿತು?

ಅವರೇ ಬರೆದಿಟ್ಟ ನೆನಪು ಹೀಗಿದೆ. ಒಂದು ಕ್ರಿಸ್‌ಮಸ್ ಸಮಯದಲ್ಲಿ ತಾಯಿ ಮಗಳನ್ನು ಮರಿಯಿನ್ಸ್ಕಿಗೆ ಕರೆದುಕೊಂಡು ಹೋದರು. ಚೈಕೋವ್‌ಸ್ಕಿಯ ಸಂಗೀತಕ್ಕೆ ಪೆಟಿಪಾ ಸಂಯೋಜಿಸಿದ 'ಸ್ಲೀಪಿಂಗ್ ಬ್ಯೂಟಿ' ನಡೆಯುತ್ತಿತ್ತು. ರಂಗದ ತುಂಬ ಹುಡುಗ ಹುಡುಗಿಯರು ಕೂಡಿ ಕುಣಿಯುತ್ತಿದ್ದಾಗ, ನಿನಗೂ ಹಾಗೆ ಕುಣಿಯಬೇಕೆನಿಸುತ್ತದೆಯೇ ಎಂದು ತಾಯಿ ಕೇಳಿದರು. ಅವರ ಹಾಗಲ್ಲ, ರಾಜಕುಮಾರಿಯಾಗಿ ಬಂದಿದ್ದಾಳಲ್ಲ, ಅವಳ ಹಾಗೆ ಎಂದಳು ಮಗಳು.

ಆದರೆ ಶಾಲೆಯ ಬಾಗಿಲು ಕೂಡಲೇ ತೆರೆಯಲಿಲ್ಲ. ವಯಸ್ಸು ಸಾಲದು, ಮೈಯಲ್ಲಿ ಶಕ್ತಿಯಿಲ್ಲ ಎಂದು ವಾಪಸು ಕಳುಹಿಸಿದರು. 1891ರಲ್ಲಿ, ಹತ್ತು ವರ್ಷಕ್ಕೆ, ಇಂಪೀರಿಯಲ್ ಬ್ಯಾಲೆ ಶಾಲೆಗೆ ಸೇರ್ಪಡೆಯಾಯಿತು. ಅಲ್ಲಿಯೂ ಜೊತೆಯ ಹುಡುಗಿಯರು ಅವಳನ್ನು 'ಪೊರಕೆ' ಎಂದು ಕರೆಯುತ್ತಿದ್ದರು.

ಅವರ ಮೈಕಟ್ಟು ಬ್ಯಾಲೆಗೆ ಹೊಂದುತ್ತಿರಲಿಲ್ಲ ಎನ್ನುತ್ತಾರೆ, ನಿಜವೇ?

ಆ ಕಾಲದ ಲೆಕ್ಕದಲ್ಲಿ ನಿಜ. ಆಗ ಸೇಂಟ್ ಪೀಟರ್ಸ್‌ಬರ್ಗ್ ಮೆಚ್ಚುತ್ತಿದ್ದದ್ದು ಗಟ್ಟಿಮುಟ್ಟಾದ, ತುಂಬಿದ ಮೈಯ ಇಟಾಲಿಯನ್ ನರ್ತಕಿಯರನ್ನು. ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ತುದಿಯ ಮೇಲೆ ನಿಂತು ಚಾಟಿ ಬೀಸಿದಂತೆ 32 ಸುತ್ತು ತಿರುಗಿ ಊರಿಗೆ ಊರನ್ನೇ ಬೆರಗುಗೊಳಿಸಿದ್ದರು. ಅನ್ನಾಳದ್ದೋ ನೀಳ ಕೈಕಾಲು, ಸಣ್ಣ ಕಣಕಾಲು, ಬಿಲ್ಲಿನಂತೆ ಬಾಗಿದ ಅಂಗಾಲು. ನೋಡಲು ಬಲು ಸುಂದರವಾದ ಪಾದ. ಆದರೆ ಅಂಥ ಪಾದದಲ್ಲಿ ಮೈಯ ಭಾರವೆಲ್ಲ ಹೆಬ್ಬೆರಳ ತುದಿಗೆ ಬೀಳುತ್ತದೆ, ನೋವು ಹೆಚ್ಚು, ಸಮತೋಲ ಕಷ್ಟ.

ಲೆನ್ಯಾನಿಯ ಸುತ್ತುಗಳನ್ನು ತಾನೂ ಸಾಧಿಸಬೇಕೆಂದು ಹುಡುಗಿ ಹಟ ಹಿಡಿದಳು. ಗುರು ಪಾವೆಲ್ ಗೆರ್ಟ್ ತಡೆದರು. ಕಸರತ್ತನ್ನು ಬೇರೆಯವರಿಗೆ ಬಿಡು, ನಿನ್ನ ನಾಜೂಕೇ ನಿನ್ನ ಬಲ ಎಂಬುದು ಅವರ ಮಾತಿನ ಸಾರ. ಶಿಷ್ಯೆಯ ಕೊರತೆಯನ್ನು ತಿದ್ದುವ ಗುರುಗಳು ಬೇಕಾದಷ್ಟು ಜನ ಸಿಗುತ್ತಾರೆ. ಆ ಕೊರತೆಯ ಪಕ್ಕದಲ್ಲೇ ಇರುವ ಗುಣವನ್ನು ಗುರುತಿಸಿ ತೋರಿಸುವವರು ಅಪರೂಪ. ಪಾವ್ಲೋವಾ ಕೊನೆಯವರೆಗೂ ಸುತ್ತುಗಳಲ್ಲಿ ಎಲ್ಲರನ್ನೂ ಮೀರಿಸಿದವರಲ್ಲ. ಒಮ್ಮೆ ತಿರುಗುವ ಭರದಲ್ಲಿ ರಂಗದ ಮುಂದೆ ಮರೆತದ್ದನ್ನು ನೆನಪಿಸಲು ಕೂರುವ ಪ್ರಾಂಪ್ಟರ್‌ನ ಗೂಡಿನೊಳಗೇ ಬಿದ್ದಿದ್ದರಂತೆ. ಆದರೂ ಜನ ಅವರನ್ನು ನೋಡಲು ಬಂದರು. ಅವರ ಅಭಿಮಾನಿಗಳಿಗೆ 'ಪಾವ್ಲೋವ್ತ್ಸಿ' ಎಂಬ ಹೆಸರೇ ಬಿತ್ತು.

ಪಾದರಕ್ಷೆಯ ವಿಷಯದಲ್ಲಿ ಮೋಸ ಮಾಡಿದರು ಎಂಬ ಆರೋಪ ಏನು?

ಕಾಲ್ಬೆರಳ ತುದಿಯಲ್ಲಿ ನಿಲ್ಲಲು ತೊಡುವ ಸ್ಯಾಟಿನ್ ಷೂ ಆಗ ಮೆತ್ತಗಿರುತ್ತಿತ್ತು. ತುದಿಯಲ್ಲಿ ಬಟ್ಟೆಯ ಪದರಗಳಿಗೆ ಅಂಟು ಹಚ್ಚಿ ಒಣಗಿಸಿರುತ್ತಿದ್ದರು, ಅಷ್ಟೇ. ಪಾವ್ಲೋವಾ ಮಿಲಾನಿನ ನಿಕೊಲಿನಿ ಎಂಬ ಕಸುಬುದಾರನಿಂದ ಷೂ ತರಿಸಿಕೊಂಡು, ಅದನ್ನು ತಮ್ಮ ಕೈಯಾರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಬಾಗಿದ ಅಂಗಾಲಿಗೆ ಆಸರೆಯಾಗಲೆಂದು ಒಳಗೆ ಗಟ್ಟಿ ಚರ್ಮದ ಅಟ್ಟೆ ಸೇರಿಸಿದರು, ತುದಿಯನ್ನು ಚಪ್ಪಟೆ ಮಾಡಿ ಗಡುಸುಗೊಳಿಸಿದರು. ಇದು ಕಾಲಿನ ಶಕ್ತಿಯಲ್ಲ, ಷೂವಿನ ಶಕ್ತಿ ಎಂದು ಕೆಲವರು ಮೂಗು ಮುರಿದರು. ಇಂದು ಜಗತ್ತಿನ ಎಲ್ಲ ಬ್ಯಾಲೆ ಶಾಲೆಗಳಲ್ಲಿ ಬಳಸುವ ಗಟ್ಟಿ ತುದಿಯ ಷೂಗಳಿಗೆ ಹತ್ತಿರವಾದದ್ದು ಅವರ ಆ ಷೂ. ಆಕ್ಷೇಪಿಸಿದವರ ಮೊಮ್ಮಕ್ಕಳೂ ಅದನ್ನೇ ತೊಟ್ಟಿರಬೇಕು.

ಒಂದು ಮಾತು ಸೇರಿಸಬೇಕು. ಫೋಟೊಗಳಲ್ಲಿ ಷೂವಿನ ಆ ಅಗಲ ತುದಿ ಕಾಣದಂತೆ ತಿದ್ದಿಸುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಅವರು ಸೂಜಿಮೊನೆಯ ಮೇಲೆ ನಿಂತಂತೆ ಕಾಣುವುದು ಅದಕ್ಕೇ. ಹೊಸದಾಗಿ ಕಲಿಯುವ ಮಕ್ಕಳು ಆ ಚಿತ್ರಗಳನ್ನು ನೋಡಿ ತಮ್ಮ ಪಾದವನ್ನು ಹಳಿದುಕೊಳ್ಳಬಾರದು.

ಮರಿಯಿನ್ಸ್ಕಿಯಲ್ಲಿ ಅವರ ಏಳಿಗೆ ಹೇಗಾಯಿತು?

1899ರಲ್ಲಿ ಶಾಲೆ ಮುಗಿಸಿದಾಗ ಹಿಂದಿನ ಸಾಲಿನ ಗುಂಪಿಗೆ ಸೇರಿಸದೆ ನೇರವಾಗಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ತೆಗೆದುಕೊಂಡರು. 1902ರಲ್ಲಿ 'ಲಾ ಬಯಾದೇರ್' ಬ್ಯಾಲೆಯ ನಿಕಿಯಾ ಪಾತ್ರ, 1903ರಲ್ಲಿ 'ಜಿಸೆಲ್'. 1906ರಲ್ಲಿ ಪ್ರಧಾನ ನರ್ತಕಿಯ ಪಟ್ಟ.

'ಜಿಸೆಲ್' ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಹಳ್ಳಿಯ ಹುಡುಗಿ, ಪ್ರೀತಿಸಿದವನು ವೇಷ ಮರೆಸಿಕೊಂಡ ದೊಡ್ಡ ಮನೆತನದವನು, ಬೇರೆಯವಳಿಗೆ ನಿಶ್ಚಯವಾದವನು ಎಂದು ತಿಳಿದಾಗ ಬುದ್ಧಿ ಕಲಕಿ ಸಾಯುತ್ತಾಳೆ. ಎರಡನೆಯ ಅಂಕದಲ್ಲಿ ಅವಳ ಪ್ರೇತ ಅವನನ್ನೇ ಸಾವಿನಿಂದ ಕಾಪಾಡುತ್ತದೆ. ಮೊದಲ ಅಂಕಕ್ಕೆ ಬೇಕಾದದ್ದು ಅಭಿನಯ, ಎರಡನೆಯದಕ್ಕೆ ಬೇಕಾದದ್ದು ತೂಕವೇ ಇಲ್ಲದ ಮೈ. ಪಾವ್ಲೋವಾ ಬಳಿ ಎರಡೂ ಇದ್ದವು. ಅವರನ್ನು ದುರ್ಬಲ ಎಂದು ವಾಪಸು ಕಳುಹಿಸಿದ ಊರು ಈ ಪಾತ್ರವನ್ನು ನೋಡಿದ ಮೇಲೆ ತುಂಬಿದ ಮೈಯನ್ನೇ ಅಳತೆಗೋಲು ಮಾಡಿಕೊಳ್ಳುವುದನ್ನು ಬಿಟ್ಟಿತು.

1905ರಲ್ಲಿ ರಷ್ಯಾದಲ್ಲಿ ದಂಗೆ ಎದ್ದಾಗ ನರ್ತಕರೂ ತಮ್ಮ ಬೇಡಿಕೆಗಳನ್ನಿಟ್ಟು ಮುಷ್ಕರ ಹೂಡಿದರು. ಸಹನರ್ತಕರಾದ ಫೊಕಿನ್, ಕರ್ಸಾವಿನಾ ಜೊತೆಗೆ ಪಾವ್ಲೋವಾ ಅದರ ಮುಂಚೂಣಿಯಲ್ಲಿದ್ದರು. ಅರಮನೆಯ ಅನ್ನ ಉಣ್ಣುತ್ತಿದ್ದವರು ಹೀಗೆ ನಿಲ್ಲುವುದಕ್ಕೆ ಗಟ್ಟಿ ಎದೆ ಬೇಕು.

'ಸಾಯುವ ಹಂಸ' ಎಂದರೆ ಏನು?

ಸೆಯ್ಞ್-ಸಾನ್ಸ್ ಎಂಬ ಫ್ರೆಂಚ್ ಸಂಗೀತಗಾರನ ಚೆಲೋ ರಚನೆಗೆ ಮಿಖಾಯಿಲ್ ಫೊಕಿನ್ ಪಾವ್ಲೋವಾಗಾಗಿ ಸಂಯೋಜಿಸಿದ ಒಂಟಿ ನೃತ್ಯ. ನಾಲ್ಕು ನಿಮಿಷವೂ ಇರಲಾರದು. ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ ಏನಾದರೂ ಬೇಕು ಎಂದು ಪಾವ್ಲೋವಾ ಕೇಳಿದಾಗ, ಫೊಕಿನ್ ಆಗಷ್ಟೇ ತಮ್ಮ ಮ್ಯಾಂಡೊಲಿನ್‌ನಲ್ಲಿ ನುಡಿಸಿ ಕಲಿಯುತ್ತಿದ್ದ ಆ ಸ್ವರವೇ ನೆನಪಾಯಿತಂತೆ. ಅವರು ಮುಂದೆ ಮಾಡಿ ತೋರಿಸುತ್ತ ಹೋದರು, ಪಾವ್ಲೋವಾ ಹಿಂದೆ ಹೆಜ್ಜೆ ಹಾಕುತ್ತ ಬಂದರು. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಇದರಲ್ಲಿ ನೆಗೆತವಿಲ್ಲ, ಕಣ್ಣು ಕುಕ್ಕುವ ಸುತ್ತುಗಳಿಲ್ಲ. ಕಾಲುಗಳು ಬೆರಳ ತುದಿಯಲ್ಲಿ ನಿಂತು ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ನಡುಗುತ್ತ ಸರಿಯುತ್ತವೆ, ನೀರಿನ ಮೇಲೆ ತೇಲುವ ಹಕ್ಕಿಯ ಕೆಳಗೆ ಕಾಣದ ಕಾಲುಗಳು ಬಡಿಯುವಂತೆ. ಕಥೆಯೆಲ್ಲ ಮೇಲೆ, ತೋಳು, ಕತ್ತು, ಬೆನ್ನಿನಲ್ಲಿ ನಡೆಯುತ್ತದೆ. ಹಕ್ಕಿ ಹಾರಲು ನೋಡುತ್ತದೆ, ರೆಕ್ಕೆ ಅರ್ಧಕ್ಕೇ ಸೋಲುತ್ತದೆ, ಮತ್ತೆ ಎತ್ತುತ್ತದೆ. ಕೊನೆಗೆ ಒಂದು ಮಂಡಿಯೂರಿ, ಚಾಚಿದ ಕಾಲಿನ ಮೇಲೆ ತಲೆಯಿಟ್ಟು ಮುದುಡಿಕೊಳ್ಳುತ್ತದೆ.

ಭರತನಾಟ್ಯದ ಮೂಲ ಹೆಜ್ಜೆಗಳಾದ ಅಡವುಗಳನ್ನು ಚೊಕ್ಕವಾಗಿ ಮಾಡಿ, ಅಭಿನಯ ಬೇಡುವ ಪದವರ್ಣಕ್ಕೆ ಬಂದಾಗ ತಡವರಿಸುವ ವಿದ್ಯಾರ್ಥಿನಿಯರಿಗೆ ನಾನು ಇದನ್ನು ತೋರಿಸುತ್ತೇನೆ. ಒಂದೇ ಭಾವ, ಸಾವಿನ ಮುಂದೆ ಬದುಕಿನ ಆಸೆ. ಅದನ್ನೇ ಎತ್ತಿದ ಪ್ರತಿ ತೋಳಿನಲ್ಲೂ ಬೇರೆ ಬೇರೆಯಾಗಿ ಹೇಳುವುದು. ನಮ್ಮಲ್ಲಿ ಒಂದು ಸಾಲಿನ ಭಾವವನ್ನು ವಿಸ್ತರಿಸಿ ಹತ್ತು ಸಂಚಾರಿ ಕಟ್ಟುವವರಿಗೆ ಇದು ಪರಕೀಯವೆನಿಸಬಾರದು. ಪಾವ್ಲೋವಾ ಈ ನೃತ್ಯವನ್ನು ಸುಮಾರು 4,000 ಸಲ ಮಾಡಿದ್ದಾರೆ ಎಂದು ಹೇಳುವುದುಂಟು.

ದಿಯಾಗಿಲೆವ್‌ರ ಪ್ರಸಿದ್ಧ ತಂಡದಲ್ಲಿ ಅವರು ಯಾಕೆ ಉಳಿಯಲಿಲ್ಲ?

1909ರಲ್ಲಿ ಸಂಘಟಕ ದಿಯಾಗಿಲೆವ್ ರಷ್ಯನ್ ಬ್ಯಾಲೆಯನ್ನು ಪ್ಯಾರಿಸಿಗೆ ಒಯ್ದಾಗ ಗೋಡೆಗೋಡೆಯ ಮೇಲೆ ಇದ್ದದ್ದು ಸೆರೊವ್ ಬರೆದ ಪಾವ್ಲೋವಾ ಚಿತ್ರದ ಭಿತ್ತಿಪತ್ರ. ಆದರೆ ಜೊತೆ ಹೆಚ್ಚು ಕಾಲ ಬಾಳಲಿಲ್ಲ. 'ಫೈರ್‌ಬರ್ಡ್'ಗೆ ಸ್ಟ್ರಾವಿನ್‌ಸ್ಕಿ ಬರೆದ ಸಂಗೀತ ಅವರಿಗೆ ಹಿಡಿಸಲಿಲ್ಲ, ಪಾತ್ರ ಕರ್ಸಾವಿನಾಗೆ ಹೋಯಿತು. ದಿಯಾಗಿಲೆವ್‌ಗೆ ಹೊಸ ಚಿತ್ರಕಲೆ, ಹೊಸ ಸಂಗೀತ ಬೇಕಿತ್ತು. ಪಾವ್ಲೋವಾಗೆ ಕಿವಿಗೆ ಇಂಪಾದ ಹಳೆಯ ಸಂಗೀತ ಸಾಕಿತ್ತು, ಅವರಿಗೆ ಬೇಕಾದದ್ದು ಹೊಸ ಪ್ರೇಕ್ಷಕರು. ಅವರ ಅಭಿರುಚಿ ಹಳೆಯದು ಎಂಬ ಟೀಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸ್ಟ್ರಾವಿನ್‌ಸ್ಕಿ ಲಿಮಾ ನಗರಕ್ಕೆ ಮುಟ್ಟುವ ಮೊದಲೇ ಪಾವ್ಲೋವಾ ಮುಟ್ಟಿದ್ದರು. 1917ರಲ್ಲಿ ಪೆರುವಿನ ಆ ಊರಲ್ಲಿ ಅವರನ್ನು ನೋಡಿದ ಹದಿಮೂರು ವರ್ಷದ ಹುಡುಗ ಫ್ರೆಡರಿಕ್ ಆಷ್ಟನ್. ಮುಂದೆ ಇಂಗ್ಲೆಂಡಿನ ಬ್ಯಾಲೆಯನ್ನು ಕಟ್ಟಿದವರಲ್ಲಿ ಒಬ್ಬರಾದರು.

ಅವರ ತಿರುಗಾಟ ಎಲ್ಲೆಲ್ಲಿ ನಡೆಯಿತು?

1908ರಲ್ಲಿ ಹೆಲ್ಸಿಂಕಿ, ಸ್ಟಾಕ್‌ಹೋಮ್, ಕೋಪನ್‌ಹೇಗನ್, ಬರ್ಲಿನ್. 1910ರಲ್ಲಿ ಮಿಖಾಯಿಲ್ ಮೊರ್ದ್ಕಿನ್ ಜೊತೆ ನ್ಯೂಯಾರ್ಕ್, ಲಂಡನ್. 1912ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಳಿ 'ಐವಿ ಹೌಸ್' ಕೊಂಡು ಅದನ್ನೇ ಮನೆ ಮಾಡಿಕೊಂಡರು. ತೋಟದ ಕೊಳದಲ್ಲಿ ಹಂಸಗಳಿದ್ದವು. ಅವುಗಳಲ್ಲಿ ಜ್ಯಾಕ್ ಎಂಬುದು ಅವರ ಮಡಿಲಲ್ಲಿ ಕೂತು ಕತ್ತನ್ನು ಅವರ ಕೊರಳಿಗೆ ಸುತ್ತಿದ ಫೋಟೊ ಇದೆ. 1914ರಲ್ಲಿ ಯುದ್ಧ ಶುರುವಾದ ಮೇಲೆ ಅವರು ಮತ್ತೆ ರಷ್ಯಾ ಕಾಣಲಿಲ್ಲ.

ಆಮೇಲೆ ಅಮೆರಿಕದ ಉದ್ದಗಲ, ಕ್ಯೂಬಾ, ಮೆಕ್ಸಿಕೊ, ದಕ್ಷಿಣ ಅಮೆರಿಕ, ಜಪಾನ್, ಚೀನಾ, ಭಾರತ, ಈಜಿಪ್ಟ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಮೆಕ್ಸಿಕೊದಲ್ಲಿ ಗೂಳಿಕಾಳಗದ ಕಣದಲ್ಲಿ ಕುಣಿದರು, ಅಲ್ಲಿನ ಜನಪದ ನೃತ್ಯವಾದ 'ಹರಾಬೆ ತಪತೀಯೊ'ವನ್ನು ಕಲಿತು ಬೆರಳ ತುದಿಯಲ್ಲೇ ಮಾಡಿ ತೋರಿಸಿದರು. ಹೋದ ಕಡೆಯ ಕುಣಿತವನ್ನು ನೋಡುವ, ಕಲಿಯುವ ಆಸೆ ಅವರಿಗಿತ್ತು. ತಂಡದಲ್ಲಿ ಇಂಗ್ಲಿಷ್ ಹುಡುಗಿಯರೇ ಹೆಚ್ಚು. ರಷ್ಯನ್ ಹೆಸರಿಗೆ ಬೆಲೆ ಇದ್ದ ಕಾಲ, ಹಿಲ್ಡಾ ಎಂಬವಳು ಬುಟ್ಸೋವಾ ಆದಳು.

ಅವರಿಗೆ ಮದುವೆಯಾಗಿತ್ತೇ?

ವಿಕ್ಟೊರ್ ದಾಂದ್ರೆ ಅವರ ಸಂಗಾತಿ, ತಂಡದ ವ್ಯವಸ್ಥಾಪಕ. ಗುಟ್ಟಾಗಿ ಮದುವೆಯಾಗಿತ್ತು ಎಂದು ದಾಂದ್ರೆ ಹೇಳುತ್ತಿದ್ದರು, ದಾಖಲೆ ಸಿಗಲಿಲ್ಲ. ಮಕ್ಕಳಿರಲಿಲ್ಲ. ಆದರೆ ಕ್ರಾಂತಿಯ ನಂತರ ನೆಲೆ ಕಳೆದುಕೊಂಡ ರಷ್ಯನ್ ಅನಾಥ ಮಕ್ಕಳಿಗಾಗಿ ಪ್ಯಾರಿಸ್ ಬಳಿಯ ಸಾಂ-ಕ್ಲೂನಲ್ಲಿ ಒಂದು ಮನೆ ತೆರೆದು, ತಮ್ಮ ಗಳಿಕೆಯಿಂದ ನಡೆಸಿದರು.

ಭಾರತಕ್ಕೂ ಅವರಿಗೂ ಏನು ನಂಟು?

ಮೊದಲ ನಂಟು ಬರೀ ಕಲ್ಪನೆಯದು. 'ಲಾ ಬಯಾದೇರ್' ಭಾರತದ ಕಥೆ ಎಂದು ಹೇಳಿಕೊಳ್ಳುವ ಬ್ಯಾಲೆ. ನಿಕಿಯಾ ದೇವಸ್ಥಾನದ ನರ್ತಕಿ, ಖಳನಾಯಕ ಗೋಲ್ಕೊಂಡದ ರಾಜ. ಬರೆದವರಾರೂ ಭಾರತ ಕಂಡವರಲ್ಲ. ಹೀಗೆ ದೇವದಾಸಿಯ ವೇಷ ತೊಟ್ಟು ಕುಣಿದ ಇಪ್ಪತ್ತು ವರ್ಷಗಳ ನಂತರ ಪಾವ್ಲೋವಾ ನಿಜವಾದ ಭಾರತಕ್ಕೆ ಬಂದರು. 1922-23ರ ಆ ಪ್ರವಾಸದಲ್ಲಿ ಅಜಂತಾಕ್ಕೂ ಹೋದರು. ಗೋಡೆಯ ಮೇಲೆ ನರ್ತಕಿಯರಿದ್ದರು. ಜೀವಂತ ನರ್ತಕಿಯರು ಎಲ್ಲಿ ಎಂದು ಕೇಳಿದರೆ ಕರೆದೊಯ್ದು ತೋರಿಸುವವರಿರಲಿಲ್ಲ. ಇಲ್ಲಿ ನಿಜವಾದ ನೃತ್ಯ ಕಾಣಲಿಲ್ಲ ಎಂಬ ನಿರಾಸೆಯಲ್ಲೇ ಮರಳಿದರು.

ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಆ ವರ್ಷಗಳಲ್ಲಿ ಮೈಸೂರಿನಲ್ಲಿ ಅಭಿನಯಕ್ಕೆ ಹೆಸರಾದ ಜಟ್ಟಿ ತಾಯಮ್ಮ ಇದ್ದರು, 1857ರಲ್ಲಿ ಹುಟ್ಟಿದ ಹಿರಿಯ ಜೀವ. ಮದರಾಸಿನಲ್ಲಿ ವೀಣೆ ಧನಮ್ಮಾಳ್ ಮನೆಯಲ್ಲಿ ಮುಂದೆ ಭರತನಾಟ್ಯಕ್ಕೆ ಹೆಸರಾಗಲಿದ್ದ ಪುಟ್ಟ ಬಾಲಸರಸ್ವತಿ ಬೆಳೆಯುತ್ತಿದ್ದಳು. ನೃತ್ಯ ಇತ್ತು. ಆದರೆ ಓದಿದ ಜನ ಅದಕ್ಕೆ ನಾಚಿಕೊಳ್ಳುತ್ತಿದ್ದರು, ಮೈಸೂರು ಸಂಸ್ಥಾನದ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ಅದಕ್ಕೂ ಹತ್ತಾರು ವರ್ಷ ಮೊದಲೇ ನಿಂತಿತ್ತು. ಪರದೇಶದ ಕಲಾವಿದೆ ಕೇಳಿಕೊಂಡು ಬಂದಾಗ ಯಾರೂ ತಾಯಮ್ಮನ ಮನೆಯ ದಾರಿ ತೋರಿಸಲಿಲ್ಲ. ತೋರಿಸಿದ್ದರೆ ಇಬ್ಬರೂ ಎದುರುಬದುರು ಕೂತು ಹುಬ್ಬು, ಕಣ್ಣುಗಳಲ್ಲೇ ಮಾತನಾಡಿಕೊಳ್ಳುತ್ತಿದ್ದರು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಉದಯಶಂಕರರು ಅವರ ಶಿಷ್ಯರೇ?

ಶಿಷ್ಯರೆನ್ನುವುದಕ್ಕಿಂತ ಜೊತೆಗಾರರು ಎನ್ನುವುದು ಸರಿ. ಉದಯಶಂಕರ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಯುವಕ. ಭಾರತದಿಂದ ಮರಳಿದ ಪಾವ್ಲೋವಾ ಅವರನ್ನು ಕರೆಸಿಕೊಂಡು 'ಹಿಂದೂ ವಿವಾಹ', 'ರಾಧಾ-ಕೃಷ್ಣ' ಎಂಬ ಎರಡು ನೃತ್ಯಗಳನ್ನು ಕಟ್ಟಿಸಿದರು. 1923ರಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ಪ್ರದರ್ಶನ. ಕೃಷ್ಣ ಉದಯಶಂಕರ್, ರಾಧೆ ಪಾವ್ಲೋವಾ. ಬೆರಳ ತುದಿಯಲ್ಲಿ ನಿಲ್ಲುವ ಕಲಾವಿದೆ ಇಪ್ಪತ್ತೆರಡರ ಹುಡುಗ ಹೇಳಿಕೊಟ್ಟಂತೆ ಹೆಜ್ಜೆಯಿಟ್ಟರು. ನನಗೂ ಬ್ಯಾಲೆ ಕಲಿಸಿ ಎಂದು ಉದಯಶಂಕರ್ ಕೇಳಿದಾಗ, ನಿಮ್ಮ ದೇಶದ್ದನ್ನೇ ಹುಡುಕಿಕೊಳ್ಳಿ ಎಂದು ತಿರುಗಿಸಿ ಕಳುಹಿಸಿದವರೂ ಅವರೇ.

ಆ ರಾಧಾಕೃಷ್ಣರ ಜೋಡಿ ಮತ್ತೊಮ್ಮೆ ಬಂತು. ಬೆಂಗಳೂರಿನ ರಾಮ್ ಗೋಪಾಲ್ 1960ರಲ್ಲಿ ಇಂಗ್ಲಿಷ್ ಬ್ಯಾಲೆ ಕಲಾವಿದೆ ಆಲಿಸಿಯಾ ಮಾರ್ಕೋವಾ ಜೊತೆ 'ರಾಧಾ-ಕೃಷ್ಣ' ಮಾಡಿದರು. ಮಾರ್ಕೋವಾ ಚಿಕ್ಕಂದಿನಿಂದ ಪಾವ್ಲೋವಾರನ್ನು ಆರಾಧಿಸಿದವರು.

ರುಕ್ಮಿಣೀದೇವಿಯವರಿಗೆ ಭರತನಾಟ್ಯ ಕಲಿಯಲು ಹೇಳಿದ್ದು ಪಾವ್ಲೋವಾ ಎನ್ನುವುದು ಸರಿಯೇ?

ಅರ್ಧ ಸರಿ. ಪಾವ್ಲೋವಾರ ನೃತ್ಯ ನೋಡಿ ಮರುಳಾದ ರುಕ್ಮಿಣೀದೇವಿ, 1920ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವ ಹಡಗಿನಲ್ಲಿ ಅವರ ಜೊತೆಯಾದರು, ಸ್ನೇಹ ಬೆಳೆಯಿತು. ಪಾವ್ಲೋವಾ ತಮ್ಮ ತಂಡದ ಕ್ಲಿಯೊ ನೊರ್ಡಿಗೆ ಹೇಳಿ ಬ್ಯಾಲೆ ಪಾಠ ಕೊಡಿಸಿದರು, ಜೊತೆಗೆ ನಿಮ್ಮ ನೆಲದ ಕಲೆಯ ಕಡೆ ನೋಡಿ ಎಂದರು. ಆಮೇಲೆ ರುಕ್ಮಿಣೀದೇವಿ ಮದರಾಸಿನಲ್ಲಿ ಭರತನಾಟ್ಯದ ಹಿಂದಿನ ರೂಪವಾದ ಸದಿರ್ ನೋಡಿ, ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಬಳಿ ಕಲಿತು, 1935ರ ಕೊನೆಯಲ್ಲಿ ರಂಗವೇರಿದರು. 1936ರಲ್ಲಿ ಕಲಾಕ್ಷೇತ್ರ ಎಂಬ ಕಲಾಶಾಲೆ ಕಟ್ಟಿದರು.

ಕಿವಿಮಾತು ಪಾವ್ಲೋವಾರದು. ವಿದ್ಯೆ ನೃತ್ಯ ಕಲಿಸುವ ಗುರುಗಳಾದ ನಟುವನಾರರದು ಮತ್ತು ಅವಮಾನದ ನಡುವೆಯೂ ಅದನ್ನು ಕಾಪಾಡಿಕೊಂಡು ಬಂದ ದೇವದಾಸಿ ಮನೆತನಗಳದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಟ್ಟರೆ ಪಾಪ ತಟ್ಟುತ್ತದೆ.

ಆ ಸಿಹಿತಿಂಡಿಗೂ ಇವರಿಗೂ ಸಂಬಂಧವಿದೆಯೇ?

ಇದೆ. 1926ರ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸದ ನೆನಪಿಗೆ ಇಟ್ಟ ಹೆಸರು. ಮೊದಲು ಮಾಡಿದವರು ಯಾರು ಎಂದು ಎರಡೂ ದೇಶಗಳು ಇನ್ನೂ ಜಗಳವಾಡುತ್ತಿವೆ.

ಅವರು ತೀರಿಕೊಂಡದ್ದು ಹೇಗೆ?

1931ರ ಜನವರಿಯಲ್ಲಿ ಫ್ರಾನ್ಸಿನ ದಕ್ಷಿಣದಿಂದ ಮರಳುವಾಗ ಚಳಿ ಹಿಡಿಯಿತು, ಹೇಗ್ ತಲುಪುವ ಹೊತ್ತಿಗೆ ಎದೆಗೆ ಇಳಿದಿತ್ತು. ಶ್ವಾಸಕೋಶದ ಹೊದಿಕೆಯ ಉರಿಯೂತ. ಹೋಟೆಲ್ ಡೆಸ್ ಇಂಡೆಸ್‌ನ ಕೋಣೆಯಲ್ಲಿ ಕೆಲವೇ ದಿನಗಳಲ್ಲಿ ಮುಗಿಯಿತು. ಐವತ್ತು ತುಂಬಲು ಮೂರು ವಾರ ಉಳಿದಿತ್ತು. ಹಂಸದ ಉಡುಪನ್ನು ಸಿದ್ಧಮಾಡಿ ಎಂದದ್ದು ಕೊನೆಯ ಮಾತು ಎಂದು ಹೇಳುತ್ತಾರೆ. ಅಸ್ಥಿಯ ಕುಂಡ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಚಿತಾಗಾರದಲ್ಲಿದೆ. ಮಾಸ್ಕೋಗೆ ಒಯ್ಯುವ ಪ್ರಯತ್ನ ಕೈಗೂಡಲಿಲ್ಲ.

ಅವರ ನೃತ್ಯ ಈಗ ನೋಡಲು ಸಿಗುತ್ತದೆಯೇ?

ಸಿಗುತ್ತದೆ. 1915ರಲ್ಲಿ ಒಂದು ಮೂಕಿ ಕಥಾಚಿತ್ರದಲ್ಲಿ ನಟಿಸಿದ್ದಾರೆ. 1920ರ ದಶಕದಲ್ಲಿ ಹಾಲಿವುಡ್‌ನಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್‌ರ ಸ್ಟುಡಿಯೊದಲ್ಲಿ ತೆಗೆದ ಚಿಕ್ಕ ಚಿಕ್ಕ ತುಣುಕುಗಳಿವೆ, ಹಂಸವೂ ಅದರಲ್ಲಿದೆ. ಹಳೆಯ ಮೂಕಿ ಚಿತ್ರಗಳು ಈಗಿನ ಯಂತ್ರಗಳಲ್ಲಿ ಓಡುವಾಗ ಎಲ್ಲವೂ ಅವಸರ ಅವಸರವಾಗಿ ಕಾಣುತ್ತದೆ. ಮೊದಲ ಸಲ ನೋಡಿದಾಗ ಇಷ್ಟೇನೇ ಅನಿಸಿದರೆ ಬೇಸರ ಬೇಡ. ವೇಗವನ್ನು ತಗ್ಗಿಸಿ ಎರಡನೆಯ ಸಲ ನೋಡಿ, ಕಾಲನ್ನು ಬಿಟ್ಟುಬಿಡಿ. ಅವರು ನಮಗೆ ಬೆನ್ನು ಹಾಕಿ ನಿಂತ ಗಳಿಗೆಯಲ್ಲಿ ಹೆಗಲಿನಿಂದ ಹೊರಟ ಅಲೆ ಮೊಣಕೈ ದಾಟಿ ಮಣಿಕಟ್ಟಿಗೆ ಬರುವುದನ್ನು ಹಿಂಬಾಲಿಸಿ. ಅದು ಬೆರಳುಗಳನ್ನು ಮುಟ್ಟುವ ಮೊದಲೇ ಹೆಗಲಿನಲ್ಲಿ ಇನ್ನೊಂದು ಎದ್ದಿರುತ್ತದೆ.